ನಾಲ್ಕು ಕಾಲಿನ ಕೋಣೆ ಮತ್ತು ಅಮಾವಾಸ್ಯೆಯ ಕಾಯಿ

ನಮ್ಮ ಮುಂಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಗಿರಿಜಾ ಅದರ ಬುಡಕ್ಕೆ ಒಂದು ಕಬ್ಬಿಣದ ತುಂಡು ಇಟ್ಟಿದ್ದಾಳೆ. ಗಿರಿಜಾ ಎಂದರೆ ನನ್ನ ಹೆಂಡತಿ. ಮನೆಗೆ ಬಂದವರೆಲ್ಲ ಅದನ್ನು ಎಡವುತ್ತಾರೆ, ಎಡವಿದವರೆಲ್ಲ "ಏನ್ರೀ ಇದು?" ಎಂದು ಕೇಳುತ್ತಾರೆ, ಕೇಳಿದವರಿಗೆಲ್ಲ ನಾನು ಕುರ್ಚಿ ತೋರಿಸಿ "ಕುಂದ್ರಿ, ಹೇಳ್ತೀನಿ" ಎನ್ನುತ್ತೇನೆ. ಆಗ ಗಿರಿಜಾ ಚಹಾ ಇಡಲು ಎದ್ದು ಹೋಗುತ್ತಾಳೆ. ಕಥೆ ಉದ್ದವಿದೆಯೆಂದು ಅವಳಿಗೆ ಗೊತ್ತು. ನೀವೂ ಈಗ ಎಡವಿದ್ದೀರಿ ಎಂದುಕೊಳ್ಳಿ.

ತುಂಡು ನೋಡುವುದಕ್ಕೇನೂ ಚೆಂದವಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ಮಗ್ಗುಲಿಗೆ ದಪ್ಪನೆಯ ಪ್ಲೇಟು, ಇನ್ನೊಂದು ಮಗ್ಗುಲಿಗೆ ಚೌಕ ಪೈಪಿನ ಹರಿದ ಅಂಚು, ಎರಡನ್ನೂ ಹಿಡಿದುಕೊಂಡಿರುವ ವೆಲ್ಡಿಂಗಿನ ಗೆರೆ. ಆ ಗೆರೆಯನ್ನು ದಯವಿಟ್ಟು ಬಗ್ಗಿ ನೋಡಿ. ಪೈಪು ಹರಿದಿದೆ, ಗೆರೆ ಹರಿದಿಲ್ಲ. ಅದು ನಾನು ಹಾಕಿದ ಗೆರೆ. ಇಷ್ಟು ಹೇಳಿದ ಮೇಲೆ ನನಗೆ ಅರ್ಧ ಸಮಾಧಾನವಾಗುತ್ತದೆ, ಉಳಿದದ್ದನ್ನು ತಣ್ಣಗೆ ಹೇಳಬಹುದು.

ಹೊಸಪೇಟೆಯಲ್ಲಿ ನನ್ನದೊಂದು ಶೆಡ್ಡು ಇದೆ. ಸಂಡೂರಿನ ಗುಡ್ಡಗಳಿಂದ ಅದಿರು ಇಳಿಸುತ್ತಿದ್ದ ಎಷ್ಟೋ ಟಿಪ್ಪರುಗಳಿಗೆ ನಾನು ಬಾಡಿ ಕಟ್ಟಿದ್ದೇನೆ. ಆ ಕೆಂಪು ಧೂಳಿನ ಕಾಲದಲ್ಲಿ ನಮ್ಮ ಊಟದ ಮೊಸರನ್ನವೂ ನಸುಗೆಂಪಾಗಿರುತ್ತಿತ್ತು. ಈಗ ಗೇಟು, ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೇಲರು. ಕೆಲಸ ಸಣ್ಣದಾಗಿದೆ, ಸೊಕ್ಕು ಸಣ್ಣದಾಗಿಲ್ಲ. ನಾನು ಬೆಸೆದದ್ದು ಬಿಟ್ಟಿತು ಎಂದು ಯಾರಾದರೂ ಹೇಳಿದರೆ ಅವರು ಬೇರೆ ಯಾರದೋ ಶೆಡ್ಡಿಗೆ ಹೋಗಬೇಕಾದವರು ದಾರಿ ತಪ್ಪಿ ಬಂದಿದ್ದಾರೆ ಎಂದೇ ತಿಳಿಯುತ್ತೇನೆ.

ಇಂಥ ನಾನು ನಮ್ಮ ನೀಲಕ್ಕನಿಗಾಗಿ ಒಂದು ಕೋಣೆ ಕಟ್ಟಿದೆ. ನೀಲಕ್ಕ ನನ್ನ ಒಬ್ಬಳೇ ಅಕ್ಕ, ಕಂಪ್ಲಿ ಹತ್ತಿರದ ಎಮ್ಮಿಗನೂರಿಗೆ ಕೊಟ್ಟದ್ದು. ಮಗ ಸೊಸೆ ಜೊತೆಗಿದ್ದಾರೆ, ಭತ್ತ ಕಬ್ಬು ಎಲ್ಲ ಇದೆ. ತೋಳು ಇಂದಿಗೂ ಗಟ್ಟಿ. ಹೋದದ್ದು ಮಂಡಿ. ಮಂಡಿ ಹೋದರೆ ಏನಾಗುತ್ತದೆ ಎಂದು ಗಂಡಸರಾದ ನಮಗೆ ತಕ್ಷಣ ಹೊಳೆಯುವುದಿಲ್ಲ. ಕುಕ್ಕರುಗಾಲಲ್ಲಿ ಕೂರಲು ಬರುವುದಿಲ್ಲ. ಕೂರಲು ಬರದಿದ್ದರೆ ಬೇರೆಯವರ ಮನೆಗೆ ಹೋಗಿ ಉಳಿಯಲು ಬರುವುದಿಲ್ಲ. ಮದುವೆ, ಗೃಹಪ್ರವೇಶ, ಕೊನೆಗೆ ನಮ್ಮ ಮನೆಗೆ ಬಂದರೂ ಅವಳು ಬೆಳಿಗ್ಗೆ ಬಂದು ಊಟ ಮುಗಿಸಿ ಹೊರಟುಬಿಡುತ್ತಿದ್ದಳು. ಬರುವ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದು ನಿಲ್ಲಿಸುತ್ತಿದ್ದಳು. ಈ ನೀರಿನ ಸಂಗತಿ ನನಗೆ ಹೇಳಿದ್ದು ಗಿರಿಜಾ. ನಾವು ಆಗಲೇ ನಮ್ಮ ಮನೆಯಲ್ಲಿ ಕಮೋಡು ಹಾಕಿಸಿದೆವು. ಆದರೆ ದಾರಿಯಲ್ಲಿ? ಹಂಪಿಯಲ್ಲಿ? ಸಂಡೂರಿನಲ್ಲಿ? ಬಾಯಾರಿಕೊಂಡೇ ಊರು ನೋಡಬೇಕಾದ ಹೆಂಗಸರು ನಮ್ಮ ಸುತ್ತ ಎಷ್ಟಿದ್ದಾರೋ. ನನಗೆ ಗೊತ್ತಿದ್ದವಳು ನನ್ನ ಅಕ್ಕ, ಅವಳ ಮಟ್ಟಿಗೆ ಸುಮ್ಮನಿರಲು ಆಗಲಿಲ್ಲ.

ಚಿಕ್ಕಂದಿನಲ್ಲಿ ನನ್ನ ಲೋಕವೆಲ್ಲ ಅವಳ ಸೊಂಟದ ಮೇಲಿಂದ ನೋಡಿದ್ದೇ. ಕಂಪ್ಲಿಯಲ್ಲಿ ನಮ್ಮದೊಂದು ಎತ್ತಿನ ಬಂಡಿ ಇತ್ತು. ಗದ್ದೆಯಿಂದ ಬಂದು ಎತ್ತು ಬಿಚ್ಚಿದ ಮೇಲೆ ಬಂಡಿಯ ಮೂಗು ನೆಲಕ್ಕೆ ಕುಸಿಯದಂತೆ ಅಪ್ಪ ಅದರ ಕೆಳಗೊಂದು ಕೋಲು ಆನಿಸುತ್ತಿದ್ದ. ಮೇಲೆ ಮೂಟೆಗಳ ರಾಶಿ, ಕೆಳಗೆ ನನ್ನ ತೋಳಿಗಿಂತ ತೆಳ್ಳನೆಯ ಕೋಲು. ಅದು ಹೇಗೆ ಹೊರುತ್ತದೆಂದು ನಾನು ಬಾಯಿ ತೆರೆದು ನಿಂತರೆ ನೀಲಕ್ಕ ನೆತ್ತಿಗೆ ಮೊಟಕಿ, "ಕೋಲು ಹೊರೂದಿಲ್ಲಲೇ, ನೆಲ ಹೊರತೈತಿ. ಕೋಲಿನ ಕೆಲಸ ಮುಟ್ಟಿಸೂದಷ್ಟ," ಎನ್ನುತ್ತಿದ್ದಳು. ಮುಂದೆ ಪಾಲಿಟೆಕ್ನಿಕ್ಕಿನಲ್ಲಿ ಇದನ್ನೇ ಹಲಗೆ ತುಂಬ ಬಾಣದ ಗುರುತು ಹಾಕಿ ಹೇಳಿಕೊಟ್ಟರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಇದು ನಮ್ಮಕ್ಕ ಹೇಳಿದ್ದೇ ಎಂದು ಆಕಳಿಸಿದೆ, ಹೊರಗೆ ನಿಲ್ಲಿಸಿದರು.

ಇರಲಿ, ಕೋಣೆಗೆ ಬರೋಣ. ಶೆಡ್ಡಿನ ಪಿಕಪ್ ಗಾಡಿಯ ಹಿಂಭಾಗದಲ್ಲಿ ಕೂರುವಂಥ ಕೋಣೆ. ಚೌಕ ಪೈಪಿನ ಎಲುಬು, ಮೇಲೆ ಅಲ್ಯುಮಿನಿಯಂ ತಗಡು. ಒಳಗೆ ಎರಡು ಮಂಚ, ಒಂದು ಗ್ಯಾಸಿನ ಒಲೆ, ಮೂಲೆಯಲ್ಲಿ ಬಾಗಿಲು ಚಿಲಕ ಸಮೇತ ಕಮೋಡು. ಗಾಡಿಗೆ ವಾರವೆಲ್ಲ ಕಬ್ಬಿಣ ಹೊರುವ ಕೆಲಸ ಇರುವುದರಿಂದ ಕೋಣೆಯನ್ನು ಇಳಿಸಿಡುವಂತಿರಬೇಕು. ಅದಕ್ಕೆ ನಾಲ್ಕು ಮೂಲೆಗೂ ಒಂದೊಂದು ಜಾಕಿ, ಅಂದರೆ ಕೈಯಿಂದ ತಿರುವಿದರೆ ಉದ್ದವಾಗುವ ಕಬ್ಬಿಣದ ಕಾಲು. ನಾಲ್ಕನ್ನೂ ತಿರುವಿ ಕೋಣೆಯನ್ನು ಎತ್ತಿ ಹಿಡಿದರೆ ಗಾಡಿ ಅದರ ಕೆಳಗಿನಿಂದ ಸರಿದು ಹೊರಗೆ ಬರುತ್ತದೆ. ಕೋಣೆ ಕೊಕ್ಕರೆಯ ಹಾಗೆ ನಿಂತಿರುತ್ತದೆ. ಈ ಕಾಲುಗಳನ್ನು ಕೋಣೆಯ ಮೂಲೆಗೆ ಹಿಡಿದುಕೊಂಡಿರುವ ಪ್ಲೇಟುಗಳೇ ಎಲ್ಲದರ ಜೀವ. ನೀವು ಎಡವಿದ ತುಂಡು ಅಂಥದೊಂದು ಪ್ಲೇಟಿನದು.

ಮೊದಲ ಸಲ ಹಂಪಿಗೆ ಹೋದಾಗ ನೀಲಕ್ಕ ಹೊಳೆಯ ದಂಡೆಗೆ ಕೂತು ಒಂದು ದೊಡ್ಡ ಚೊಂಬು ನೀರನ್ನು ಗಟಗಟನೆ ಕುಡಿದಳು. ಕುಡಿದು ಬಾಯಿ ಒರೆಸಿಕೊಂಡು, "ಹಂಪಿ ಭಾಳ ಚೊಲೋ ಐತಲೇ," ಎಂದಳು. ಅವಳು ಹುಟ್ಟಿ ಬೆಳೆದದ್ದು ಹಂಪಿಯಿಂದ ಒಂದು ತಾಸಿನ ದಾರಿಯ ಊರಿನಲ್ಲಿ. ಚೊಲೋ ಎಂದು ಹೇಳಿದ್ದು ಅವತ್ತೇ. ಆಮೇಲೆ ಅವಳನ್ನು ಹಿಡಿಯುವವರು ಯಾರು! ಕಾಲುವೆ ದಂಡೆ, ಕೆರೆ ಏರಿ, ಬೀಗರ ಮನೆಯ ಅಂಗಳ, ಎಲ್ಲ ಕಡೆಗೂ ಕೋಣೆ ಹೋಯಿತು. ಫೋನು ಬಂದರೆ ಮೊದಲು ಕೇಳುತ್ತಿದ್ದದ್ದು ನನ್ನ ಆರೋಗ್ಯವನ್ನಲ್ಲ, ಕೋಣೆಯದನ್ನು.

ಇಷ್ಟರಲ್ಲಿ ನಾನೊಂದು ಸಂಗತಿ ನೋಡಿಯೂ ಬಿಟ್ಟುಬಿಟ್ಟಿದ್ದೆ. ನಮ್ಮ ಅಂಗಳದಲ್ಲಿ ನಿಂತ ಕೋಣೆಯ ಕಾಲುಗಳ ಮೇಲೆ ಕರಿ ಇರುವೆಗಳ ಸಾಲು ಹತ್ತಿ ಇಳಿಯುತ್ತಿತ್ತು. ಕಬ್ಬಿಣದಲ್ಲಿ ಇರುವೆಗೆ ಏನು ಕೆಲಸ? ಒಳಗೆ ಗಿರಿಜಾ ಸಕ್ಕರೆ ಡಬ್ಬಿ ಇಟ್ಟಿರಬೇಕು ಅಂದುಕೊಂಡೆ.

ಮಳೆಗಾಲ ಮುಗಿದು ಸಂಡೂರಿನ ಗುಡ್ಡಗಳು ಹಸಿರುಟ್ಟಿದ್ದ ದಿನಗಳು. ನೀಲಕ್ಕನಿಗೆ ಆ ಗುಡ್ಡಗಳನ್ನು ತಪ್ಪಲಲ್ಲಿ ಕೂತು ನೋಡುವ ಆಸೆ. ಗೆಳೆಯನೊಬ್ಬನ ಹೊಲದಲ್ಲಿ ಕೋಣೆ ಇಳಿಸಿ ಗಾಡಿಯನ್ನು ಹೊರಗೆ ತೆಗೆದೆ. ಅಕ್ಕ ಮೆಲ್ಲಗೆ ಮೆಟ್ಟಿಲು ಹತ್ತಿ ಕಮೋಡಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಗಿರಿಜಾ ಹೊರಗೆ ಕೂತು ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ಆಗ ಎಡಗಡೆಯ ಮುಂಗಾಲಿನಿಂದ ಟಕ್ ಎಂದು ಸದ್ದು ಬಂತು. ಪ್ಲೇಟು ಬಾಗಿ ಕೋಣೆ ಆ ಮೂಲೆಗೆ ಒಂದು ಗೇಣು ವಾಲಿ ನಿಂತಿತು. ಚೌಕಟ್ಟು ತಿರುಚಿದ್ದರಿಂದ ಒಳಗಿನ ಚಿಲಕ ಕಚ್ಚಿಕೊಂಡಿತು. ಅಕ್ಕ ಒಳಗೆ, ನಾವು ಹೊರಗೆ.

"ಲೇ ತಮ್ಮಾ! ಬಾಗಲಾ ತೆಗಿಯಾಕ ಬರವಲ್ದು!"

"ಅಂಜಬ್ಯಾಡ ಅಕ್ಕಾ! ವೆಲ್ಡಿಂಗ್ ಗಟ್ಟಿ ಐತಿ!" ಎಂದು ಕೂಗಿದೆ.

"ಕೋಣಿ ವಾಲೇತೋ!"

"ಗಟ್ಟಿ ಐತಿ ಅಕ್ಕಾ, ಗಟ್ಟಿ ಐತಿ!"

ಮೂಲೆಗೆ ಕಲ್ಲು ಒಟ್ಟಿ, ಹಾರೆ ಹಾಕಿ ಬಾಗಿಲು ಮೀಟಿದೆ. ನೀಲಕ್ಕ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಮುಖ ಬೆವತಿತ್ತು. ಗುಡ್ಡದ ಕಡೆ ತಿರುಗಿಯೂ ನೋಡದೆ, "ನನ್ನ ಊರಿಗೆ ಬಿಟ್ಟು ಬಾ," ಎಂದಳು. ಹೊಲದ ಆಳುಗಳನ್ನು ಕೂಡಿಸಿ ಕೋಣೆಯನ್ನು ಮತ್ತೆ ಗಾಡಿಗೆ ಏರಿಸಿಕೊಂಡು ಹೊರಟೆವು. ಎಮ್ಮಿಗನೂರು ಮುಟ್ಟುವ ತನಕ ಗಿರಿಜಾ ನೀರಿನ ಬಾಟಲಿ ಚಾಚುತ್ತಲೇ ಇದ್ದಳು, ಅವಳು ಒಂದು ಗುಟುಕು ಕುಡಿಯಲಿಲ್ಲ. ಮನೆ ಬಾಗಿಲಲ್ಲಿ ಇಳಿಯುತ್ತ, "ನನ್ನ ತಿರುಗಾಟ ಇಲ್ಲಿಗೆ ಸಾಕು ಬಿಡು," ಎಂದಳು.

ಸಾಕು ಅಂದರೆ ಬಿಡುವವನೇ ನಾನು? ಮರುದಿನವೇ ಬಾಗಿದ ಪ್ಲೇಟು ನೇರ ಮಾಡಿ, ಅದರ ಮೇಲೊಂದು ದಪ್ಪ ಪ್ಲೇಟು ಹೇರಿ, ಎಮ್ಮೆ ಕಟ್ಟಿದರೂ ಅಲುಗದ ಹಾಗೆ ಬೆಸೆದೆ. ಕೈ ಒರೆಸಿಕೊಂಡು ಗಿರಿಜಾಗೆ, "ನೋಡೀಗ," ಎಂದು ಜಾಕಿ ತಿರುವಿದೆ. ಕೋಣೆ ಎದ್ದಿತು. ಎದ್ದ ಹಾಗೆಯೇ ಪಕ್ಕದ ಪೈಪು ನೆನೆದ ಹಪ್ಪಳದಂತೆ ಹರಿಯಿತು. ಕೆಳಗೆ ಇನ್ನೂ ಗಾಡಿ ಇದ್ದದ್ದರಿಂದ ಕೋಣೆ ಅದರ ಮೇಲೆ ಕೂತಿತು, ಬೇರೇನೂ ಆಗಲಿಲ್ಲ. ನನ್ನ ವೆಲ್ಡಿಂಗು ಮಾತ್ರ ಹರಿದ ಪೈಪಿನ ತುಂಡನ್ನು ಬಿಡದೆ ಕಚ್ಚಿಕೊಂಡಿತ್ತು. ಅದೇ ಈ ಬಾಗಿಲ ಬುಡದ ತುಂಡು.

ಗಟ್ಟಿ ಮಾಡುವುದೆಂದರೆ ದಪ್ಪ ಮಾಡುವುದು ಎಂದು ನಂಬಿದವರೆಲ್ಲರ ಹಣೆಬರಹ ಇದೇ. ಒಳಗೆ ಕೊಳೆತ ಮರಕ್ಕೆ ಹೊಸ ಮೊಳೆ ಹೊಡೆದಂತೆ. ಕಬ್ಬಿಣ ಕೊಯ್ಯುವ ಗ್ರೈಂಡರು ತಂದು ಪೈಪನ್ನು ಸೀಳಿದೆ. ಒಳಗಿನಿಂದ ಕಂದು ಬಣ್ಣದ ತುಕ್ಕು ಹಿಡಿ ಹಿಡಿ ಉದುರಿತು. ಜೊತೆಗೆ ಕುಂಕುಮದ ಹೆಂಟೆ, ತೆಂಗಿನ ನಾರು, ಚೂರು ಚೂರು ಕೊಬ್ಬರಿ, ಹುಳಿತ ಒಂದು ವಾಸನೆ, ಮತ್ತು ನನ್ನ ಹಳೆಯ ಪರಿಚಯದ ಕರಿ ಇರುವೆಗಳು. ಒಂದಲ್ಲ, ನಾಲ್ಕೂ ಮೂಲೆಯಲ್ಲಿ ಇದೇ ಪ್ರಸಾದ.

"ಗಿರಿಜಾ, ಇದರಾಗ ತೆಂಗಿನ ನಾರು ಹೆಂಗ ಬಂತು?"

"ಕಾಯಿ ಒಡದ್ರ ನಾರು ಬರದ ಕಬ್ಬು ಬರತೈತೇನ್ರೀ?"

"ಎಲ್ಲಿ ಒಡದಿ?"

"ನಾಲ್ಕೂ ಮೂಲಿಗೆ. ಪ್ರತಿ ಅಮಾಸಿಗೆ. ಅದಕ್ಕಂತನ ಪ್ಲೇಟು ಹೊರಗ ಚಾಚಿ ಬಿಟ್ಟೀರಿ ಅನ್ಕೊಂಡಿದ್ನಿ."

ನಮ್ಮ ಕಡೆಯ ಅಮಾವಾಸ್ಯೆ ಗೊತ್ತಿಲ್ಲದವರಿಗೆ ಒಂದು ಮಾತು. ಆ ದಿನ ಹೊಸಪೇಟೆಯಲ್ಲಿ ಸೈಕಲ್ಲಿನಿಂದ ಹಿಡಿದು ಲಾರಿಯ ತನಕ ಗಾಲಿ ಇದ್ದದ್ದೆಲ್ಲ ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿಕೊಂಡು, ಎದುರಿಗೊಂದು ಕಾಯಿ ಒಡೆಸಿಕೊಳ್ಳುತ್ತದೆ. ನಾನು ಆ ಹೊತ್ತಿಗೆ ಶೆಡ್ಡಿನ ಪೂಜೆಯಲ್ಲಿರುತ್ತೇನೆ. ಮನೆಯಲ್ಲಿದ್ದ ಕೋಣೆಯ ಪೂಜೆ ಗಿರಿಜಾಳ ಪಾಲಿನದು. ಗಾಲಿ ಇಲ್ಲದ, ಕಾಲಿರುವ ಸಾಮಾನಿಗೆ ಕಾಯಿ ಎಲ್ಲಿ ಒಡೆಯಬೇಕೆಂದು ಯಾವ ಹಿರಿಯರೂ ಹೇಳಿಹೋಗಿಲ್ಲ. ಅವಳೇ ಯೋಚಿಸಿ ಕಾಲಿಗೊಂದರಂತೆ ಒಡೆದಿದ್ದಾಳೆ. ನನ್ನ ಪ್ಲೇಟು ಸೊಂಟದೆತ್ತರಕ್ಕೆ, ಒಳ್ಳೆಯ ಅಂಚು ಇಟ್ಟುಕೊಂಡು, ಕಾಯಿ ಒಡೆಯಲೆಂದೇ ಹುಟ್ಟಿದಂತೆ ಚಾಚಿತ್ತು. ಒಡೆದ ಕಾಯಿಯ ನೀರು ಜಾಕಿ ಬಿಗಿದ ಬೋಲ್ಟಿನ ತೂತಿನಿಂದ ಪೈಪಿನ ಒಳಗಿಳಿದು, ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಕೂತು ಕಬ್ಬಿಣವನ್ನು ನಿಧಾನವಾಗಿ ಉಂಡಿದೆ. ಹೊರಗಿನ ಬಣ್ಣ ಮಾತ್ರ ಮದುವೆ ಹೆಣ್ಣಿನ ಹಾಗೆ ಹೊಳೆಯುತ್ತಿತ್ತು.

"ನಿನ್ನ ಕಾಯಿ ನೀರಿಗೆ ಕಬ್ಬಿಣ ಕರಗಿ ಹೋಗೈತಿ ನೋಡು," ಎಂದೆ.

"ಕಾಯಿ ಒಡದಿದ್ದಕ್ಕ ಅಕ್ಕಾರು ಒಳಗಿದ್ದಾಗ ಬರೇ ವಾಲ್ತು. ಇಲ್ಲಂದ್ರ ಬೀಳ್ತಿತ್ತು."

ಇದಕ್ಕೆ ಉತ್ತರ ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿರಲಿಲ್ಲ. ಕಲಿಸಿದ್ದರೂ ಆ ದಿನ ನಾನು ಹೊರಗೆ ನಿಂತಿದ್ದೆನೋ ಏನೋ. ಕೊನೆಗೆ ಅವಳೇ ಮೆತ್ತಗಾದಳು. "ನಿಮ್ಮ ಕೈ ಮ್ಯಾಲ ನನಗ ನಂಬಿಕಿ ಐತ್ರಿ. ಆದ್ರ ಒಳಗ ಕುಂದ್ರೂರು ಅಕ್ಕಾರಲ್ಲ? ಅದಕ್ಕ ಒಂದೊಂದು ಕಾಲಿಗೂ ಬ್ಯಾರೆ ಬ್ಯಾರೆ ಬೇಡಿಕೊಂಡೀನಿ," ಎಂದಳು. ಕಣ್ಣಲ್ಲಿ ನೀರಿತ್ತು. ಬೈಯಲು ಬಾಯಿ ತೆರೆದವನು ಗ್ರೈಂಡರಿನ ವೈರು ಸುತ್ತತೊಡಗಿದೆ.

ಈ ಸಲ ಅವಸರ ಮಾಡಲಿಲ್ಲ. ನಾಲ್ಕೂ ಮೂಲೆಯ ಕೊಳೆತ ಭಾಗವನ್ನು ಒಳ್ಳೆಯ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆದು ದಪ್ಪ ಪೈಪು ಕೂಡಿಸಿದೆ. ಹಳೆಯ ಪ್ಲೇಟು ಅಂಗೈ ಅಗಲವಿತ್ತು, ಭಾರವೆಲ್ಲ ಒಂದೇ ಕಡೆ ಜಗ್ಗುತ್ತಿತ್ತು. ಹೊಸದನ್ನು ಕೋಣೆಯ ತಳದ ಅಡ್ಡಪಟ್ಟಿಯಿಂದ ನಡುವಿನ ಅಡ್ಡಪಟ್ಟಿಯ ತನಕ ಉದ್ದಕ್ಕೆ ಬಿಟ್ಟೆ. ಒಳಮಗ್ಗುಲಿಗೂ ಒಂದು ಜೋಡಿ ಪ್ಲೇಟು ಕೊಟ್ಟು, ಬೋಲ್ಟನ್ನು ಈಚೆಯಿಂದ ಆಚೆಗೆ ಹಾಯಿಸಿ, ಬಿಗಿದಾಗ ಪೈಪು ಚಪ್ಪಟೆಯಾಗದಂತೆ ಒಳಗೆ ಸಣ್ಣ ಪೈಪಿನ ತುಂಡು ತೂರಿಸಿದೆ. ಮುಂಗಾಲೆರಡರ ನಡುವೆ ಒಂದು ಅಡ್ಡ ಸಲಾಕೆ, ಹಿಂಗಾಲಿಗೂ ಒಂದು. ಪ್ಲೇಟಿನ ನೆತ್ತಿಗೆ ಇಳಿಜಾರಿನ ತಗಡಿನ ಟೋಪಿ. ಪೈಪಿನ ಬುಡದಲ್ಲಿ ನೀರು ಹೋಗಲು ತೂತು. ಆ ತೂತು ಕೊರೆಯುವಾಗ ನನಗೆ ನಗು ಬಂತು. ಟಿಪ್ಪರು ಕಟ್ಟುವಾಗ ಇದನ್ನು ಎಂದೂ ಮರೆತವನಲ್ಲ. ಅಲ್ಲಿ ಮಳೆ ನೀರಿನ ಲೆಕ್ಕ ಇಟ್ಟಿದ್ದೆ, ಇಲ್ಲಿ ಕಾಯಿ ನೀರಿನದು ಹೊಳೆದಿರಲಿಲ್ಲ.

ಉಳಿದದ್ದು ಕಾಯಿಯ ಪ್ರಶ್ನೆ. ಒಡೆಯಬೇಡ ಎಂದರೆ ಗಿರಿಜಾ ಕೇಳುವವಳಲ್ಲ, ಕೇಳಿದರೂ ಅವಳಿಗೆ ಆ ಕೋಣೆಯಲ್ಲಿ ನಿದ್ದೆ ಬರುವುದಿಲ್ಲ. ಕಂಪ್ಲಿ ಕಡೆಯ ಎರೆ ಮಣ್ಣಿನಲ್ಲಿ ಜಾಕಿಯ ಕಾಲು ಹೂತುಹೋಗುತ್ತದೆಂದು ನಾವು ಹಲಗೆ ಇಡುತ್ತಿದ್ದೆವು, ಹಲಗೆಗಳು ಸೀಳಿದ್ದವು. ಅವನ್ನು ಎತ್ತಿ ಹಾಕುತ್ತ ಅವಳೇ ಅಂದಳು: "ಇವುಗಳ ಬದಲಿ ನಾಲ್ಕು ಕಲ್ಲು ಇಟ್ಕೊಳ್ರಿ. ಕಾಲಿನ ಬುಡಕ ಕಲ್ಲು, ಕಲ್ಲಿನ ಮ್ಯಾಲ ಕಾಯಿ. ನಿಮ್ಮ ಕಬ್ಬಿಣ ನಾ ಮುಟ್ಟೂದಿಲ್ಲ." ನಾನು ತಕ್ಷಣ ಒಪ್ಪಿದೆ. ಭಾರ ಹೊರುವುದು ನೆಲ, ಕಾಯಿ ಸಲ್ಲಬೇಕಾದದ್ದೂ ಅದಕ್ಕೇ. ಅಂಗೈ ದಪ್ಪದ ನಾಲ್ಕು ಕಲ್ಲಿನ ಚಪ್ಪಡಿ ಅಂದಿನಿಂದ ನಮ್ಮ ಜೊತೆ ತಿರುಗುತ್ತಿವೆ.

ಕೋಣೆಗೆ ಅಕ್ಕಿ ಚೀಲ ತುಂಬಿ, ಕಾಲ ಮೇಲೆ ನಿಲ್ಲಿಸಿ, ಕುಣಿದು, ಒದ್ದು, ಎಲ್ಲ ಪರೀಕ್ಷೆ ಮಾಡಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ. ಖುಷಿಯಿಂದ ನೀಲಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ಚೀಲ ತುಂಬಿ ನೋಡೀನಿ. ಏನೂ ಆಗಂಗಿಲ್ಲ."

"ಅಕ್ಕಿ ಚೀಲಕ್ಕ ಮಂಡಿ ನೋವು ಇರತೈತೇನೋ?" ಎಂದು ಕೇಳಿ ಫೋನು ಇಟ್ಟಳು.

ಅವಳು ಬಾರದಿದ್ದರೆ ಕೋಣೆಯೇ ಹೋಗಲಿ ಎಂದು ಅಮಾವಾಸ್ಯೆಯ ಬೆಳಿಗ್ಗೆ ಗಾಡಿಯ ಮೇಲೆ ಹೊರಿಸಿಕೊಂಡು ಎಮ್ಮಿಗನೂರಿಗೆ ಹೋದೆವು. ಅವಳ ಮನೆಯ ಮುಂದಿನ ಬಯಲಲ್ಲಿ ನಾಲ್ಕು ಚಪ್ಪಡಿ ಹಾಸಿ, ಕೋಣೆ ಇಳಿಸಿದೆ. ಗಿರಿಜಾ ಒಂದೊಂದು ಚಪ್ಪಡಿಗೂ ಒಂದೊಂದು ಕಾಯಿ ಒಡೆದಳು, ನೀರು ಎರೆ ಮಣ್ಣಿಗೆ ಇಂಗಿತು. ನೀಲಕ್ಕ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದಳು. ನಾನು ಟೋಪಿ, ತೂತು, ಬೋಲ್ಟು, ಸಲಾಕೆ ಎಲ್ಲವನ್ನೂ ವಿವರಿಸಿದೆ. ಕೇಳಿ ಮುಗಿಸಿ ಎದ್ದು ಬಂದಳು.

"ನೀ ಒಳಗ ಹೋಗು," ಎಂದಳು.

"ನಾನ?"

"ನಾ ಕುಂತಿದ್ನಲ್ಲ, ಅಲ್ಲೇ ಕುಂದ್ರು. ಚಿಲಕ ಹಾಕ್ಕೋ. ಜಾಕಿ ನಾ ತಿರುವತೀನಿ."

ಗಿರಿಜಾ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಒಳಗೆ ಹೋಗಿ, ಚಿಲಕ ಹಾಕಿ, ಮುಚ್ಚಳದ ಮೇಲೆ ಕೂತೆ. ನನ್ನದೇ ಕೈಯಿಂದ ಕಟ್ಟಿದ ಕೋಣೆಯ ಆ ಮೂಲೆಯಲ್ಲಿ, ಹೊರಗೆ ಯಾರೋ ಕಾಲು ತಿರುವುತ್ತಿರುವಾಗ, ಬಾಗಿಲು ಮುಚ್ಚಿಕೊಂಡು ನಾನು ಎಂದೂ ಕೂತಿರಲಿಲ್ಲ. ಹೊರಗಿನಿಂದ ಕಿರ್ ಕಿರ್ ಎಂದು ಹಿಡಿಕೆ ತಿರುಗಿತು. ನೆಲ ಒಂದು ಕಡೆಗೆ ಎದ್ದಿತು. ಎದುರಿನ ಗೋಡೆ ನನ್ನ ಕಡೆ ಬಂದಂತಾಯಿತು. ಬೆರಳು ತಾನಾಗಿ ಚಿಲಕ ಹುಡುಕಿತು. ಒಂದೊಂದು ಬೋಲ್ಟೂ ನನಗೆ ಬಾಯಿಪಾಠ, ಆದರೂ ಕುತ್ತಿಗೆಯ ಹಿಂದೆ ಬೆವರು ಇಳಿಯಿತು. ಅಷ್ಟರಲ್ಲಿ ಅಕ್ಕ ಜಾಕಿಯ ಕಾಲು ಹಿಡಿದು ಜಗ್ಗಿಯೇ ನೋಡಿದಳು. ಹೇಳಿದೆನಲ್ಲ, ತೋಳು ಇನ್ನೂ ಗಟ್ಟಿ.

ಕೊನೆಗೆ ಸಮ ಮಾಡಿ ಬಿಟ್ಟಳು. ಚಿಲಕ ಸಲೀಸಾಗಿ ಸರಿಯಿತು. ನಾನು ಮೆಟ್ಟಿಲಿಳಿದು ನಿಂತೆ.

"ಹೆಂಗಿತ್ತೋ?" ಎಂದಳು ನೀಲಕ್ಕ.

"ಗಟ್ಟಿ ಐತಿ ಅಕ್ಕಾ."

"ಗಟ್ಟಿ ಇರೂದು ನನಗ ಹೊರಗಿಂದನ ಕಾಣತೈತಿ. ಒಳಗ ಹೆಂಗಿತ್ತು?"

ಗಿರಿಜಾ ನನ್ನ ಮುಖ ನೋಡುತ್ತಿದ್ದಳು. "ಅಂಜಿಕಿ ಬಂತು," ಎಂದೆ.

"ಹಾಂ. ಅಷ್ಟ ಮಾತು ನೋಡು. ಅವತ್ತು ನಾ ಒಳಗ ಜೀವ ಹಿಡಕೊಂಡು ಕುಂತ್ರ ನೀ ಹೊರಗ ನಿಂತು ಗಟ್ಟಿ ಐತಿ, ಗಟ್ಟಿ ಐತಿ ಅಂತಿದ್ದಿ. ಯಾರಿಗೆ ಹೇಳಾಕ ಹತ್ತಿದ್ದಿ, ನನಗೋ ಕಬ್ಬಿಣಕ್ಕೋ?"

ಉತ್ತರಕ್ಕೂ ಕಾಯದೆ ಮನೆಯ ಬಾಗಿಲ ಕಡೆ ತಿರುಗಿ ಸೊಸೆಗೆ ಮಜ್ಜಿಗೆ ತರಲು ಹೇಳಿದಳು. ಚೊಂಬು ಬಂತು. ಎತ್ತಿ ಹಿಡಿದು ಪೂರ್ತಿ ಕುಡಿದಳು. ಖಾಲಿ ಚೊಂಬನ್ನು ಗಿರಿಜಾಳ ಕೈಗೆ ಕೊಟ್ಟು, "ಇನ್ನೊಂದು ಕೊಡವ್ವಾ. ಸಂಡೂರು ದೂರ ಐತಿ," ಎಂದಳು. ಅದನ್ನೂ ಕುಡಿದಳು. ಆಮೇಲೆ ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದಳು. ಗಿರಿಜಾಳೂ ನಾನೂ ಕೆಳಗೆ ನಿಂತೆವು. ಕೋಣೆ ಅವಳ ಹೆಜ್ಜೆಗೆ ಅಲುಗಲಿಲ್ಲ.

ಮೂಲೆಯ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ನಾನು ಕೂಗಿ ಹೇಳಲು ಬಾಯಿ ತೆರೆದೆ, ಗಿರಿಜಾ ನನ್ನ ಕಡೆ ನೋಡಿದಳು, ಮುಚ್ಚಿಕೊಂಡೆ.